ಒಂಬತ್ತರಲ್ಲಿ ಒಂದು ಪಾಲು ಬೆಳಕು

ಅಜ್ಜಿ ತೀರಿಕೊಂಡು ಮೂರನೇ ದಿನಕ್ಕೆ ಮನೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಬೊಜ್ಜದ ದಿನ ಹೂಹಾರ ಹಾಕಿ ಇಡಲು ಫೋಟೋ ಯಾವುದು?

ಅಜ್ಜನದ್ದಾದರೆ ಉಂಟು. ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದಾಗ ಅಲ್ಲಿನ ಯಾವುದೋ ಸ್ಟುಡಿಯೋದಲ್ಲಿ ಕೋಟು ಹಾಕಿ ತೆಗೆಸಿಕೊಂಡದ್ದು. ಕೋಟು ಸ್ಟುಡಿಯೋದವರದ್ದೇ ಅಂತೆ :-). ಮಾವಂದಿರದ್ದು ಗಲ್ಫಿಗೆ ಹೋಗುವಾಗ ತೆಗೆಸಿದ ಪಾಸ್‌ಪೋರ್ಟ್ ಫೋಟೋಗಳು ಡಜನ್‌ಗಟ್ಟಲೆ ಉಂಟು. ಎಂಬತ್ತು ದಾಟಿ ಬದುಕಿದ ಅಜ್ಜಿಯದ್ದು ಹುಡುಕಿದರೆ ಸಿಕ್ಕಿದ್ದು ಮೂರೇ. ಒಂದು ಮತದಾರರ ಗುರುತಿನ ಚೀಟಿಯದ್ದು, ಅದರಲ್ಲಿ ಮುಖದ ಜಾಗದಲ್ಲಿ ಮಸಿ ಮೆತ್ತಿದ ಹಾಗಿದೆ. ಇನ್ನೊಂದು ಆಧಾರ್ ಕಾರ್ಡಿನದ್ದು, ಅದರಲ್ಲಿ ಅಜ್ಜಿ ಯಾರೋ ಬೈದ ಹಾಗೆ ಕಣ್ಣರಳಿಸಿ ಕೂತಿದ್ದಾರೆ. ಮೂರನೆಯದ್ದು 1983ರಲ್ಲಿ ದೊಡ್ಡತ್ತೆಯ ಮದುವೆಯಲ್ಲಿ ತೆಗೆದ ಕಪ್ಪು ಬಿಳುಪು ಗ್ರೂಪ್ ಫೋಟೋ. ಅದರಲ್ಲಿ ಅಜ್ಜಿ ಎಲ್ಲರಿಗಿಂತ ಬಲಕ್ಕೆ, ಸಾಲಿನ ತುದಿಯಲ್ಲಿ ನಿಂತಿದ್ದಾರೆ. ಎಡಗಡೆಯ ಬೀಗರ ಮುಖ ಬೆಳ್ಳಿ ತಟ್ಟೆಯ ಹಾಗೆ ಹೊಳೆಯುತ್ತಿದ್ದರೆ, ಬಲಕ್ಕೆ ಬರುತ್ತಾ ಬರುತ್ತಾ ಕತ್ತಲೆ. ಅಜ್ಜಿಯದ್ದು ಸೀರೆಯ ಅಂಚು ಮತ್ತು ಮೂಗುಬೊಟ್ಟು ಮಾತ್ರ ಕಾಣುವುದು.

ಆ ಫೋಟೋ ಹಿಡಿದುಕೊಂಡು ಬಜಪೆ ಪೇಟೆಯ ಸ್ಟುಡಿಯೋಗೆ ಹೋದೆ. ಈಗ ಮಗ ನೋಡಿಕೊಳ್ಳುವ ಅಂಗಡಿ. ಅಪ್ಪ ಸುಮ್ಮನೆ ಬಂದು ಮೂಲೆಯ ಕುರ್ಚಿಯಲ್ಲಿ ಪೇಪರ್ ಓದುತ್ತಾ ಕೂರುತ್ತಾರೆ. ಫೋಟೋ ನೋಡಿದವರೇ ಕನ್ನಡಕ ಮೇಲೆ ಮಾಡಿದರು.

"ಇದು ನಾನೇ ತೆಗೆದದ್ದು ಮಾರಾಯ. ಅವತ್ತು ಮಳೆ ಬಂತಲ್ಲ."

ಅವರು ಹೇಳಿದ್ದಿಷ್ಟು. ಮೇ ತಿಂಗಳ ಕೊನೆ. ಅಂಗಳದಲ್ಲಿ ಚಪ್ಪರದ ಹೊರಗೆ ಬೆಂಚು ಜೋಡಿಸಿ ಎಲ್ಲ ತಯಾರಿ ಆಗಿತ್ತು. ಅಷ್ಟರಲ್ಲಿ ಮಳೆ ಹೊಡೆಯಿತು. ಎಲ್ಲರೂ ಚಾವಡಿಗೆ ಓಡಿದರು. ಇವರು ಸ್ಟುಡಿಯೋದಿಂದ ತಂದಿದ್ದ ಎರಡು ಲೈಟುಗಳನ್ನು ಎರಡು ಬದಿಗೆ ನಿಲ್ಲಿಸಿದರು. ಒಂದರ ಬಲ್ಬು 'ಟಪ್' ಅಂತ ಹೋಯಿತು. ಬೇರೆ ಬಲ್ಬು ಇಲ್ಲ. ಉಳಿದ ಒಂದನ್ನು ಯಾವ ಬದಿಗೆ ಇಡುವುದು?

"ಎಡಬದಿಗೆ ಬೀಗರು ಇದ್ದರು. ಅವರ ಮುಖ ಸರಿ ಬಾರದಿದ್ದರೆ ಆಮೇಲೆ ಮಾತು ಬರ್ತದೆ ಅಲ್ವಾ? ನಿನ್ನ ಅಜ್ಜಿ ಅಡುಗೆಕೋಣೆಯಿಂದ ಕೈ ಒರೆಸಿಕೊಂಡು ಕೊನೆಗೆ ಬಂದು ನಿಂತದ್ದು. ನಾನು ನೋಡಿದೆ. ಆದ್ರೆ ಎಂತ ಮಾಡುವುದು?"

ಮನೆಗೆ ಬಂದ ಮೇಲೂ ಆ ಮಾತು ತಲೆಯಿಂದ ಹೋಗಲಿಲ್ಲ. ಒಂದು ಲೈಟು ಎಡಕ್ಕೆ ಇಟ್ಟರೆ ಬಲಗಡೆಯವರಿಗೆ ಇಷ್ಟು ಕತ್ತಲೆ ಯಾಕೆ? ಸ್ಟುಡಿಯೋದ ಒಳಗೆ ಅದೇ ಲೈಟಿನಲ್ಲಿ ಒಬ್ಬೊಬ್ಬರ ಮುಖ ಅಷ್ಟು ಚೆಂದ ಬರುತ್ತಿತ್ತಲ್ಲ? ಇಂಜಿನಿಯರಿಂಗ್ ಓದಿದವನಿಗೆ ಇಂಥದ್ದೊಂದು ಸಿಕ್ಕಿದರೆ ಬಿಡಲು ಮನಸ್ಸಾಗುವುದಿಲ್ಲ. ಹುಡುಕುತ್ತಾ ಹೋದ ಹಾಗೆ ಇದು ಫೋಟೋಗ್ರಫಿ ಹುಟ್ಟಿದಂದಿನಿಂದ ಇರುವ ಸಮಸ್ಯೆ ಅಂತ ಗೊತ್ತಾಯಿತು.

*

ನಮ್ಮ ನಾಡಿನ ತೀರಾ ಹಳೆಯ ಫೋಟೋಗಳಲ್ಲಿ ಎದ್ದು ಕಾಣುವುದು ಮನುಷ್ಯರಲ್ಲ, ಕಲ್ಲುಗಳು. 1854ರಲ್ಲಿ ಲಿನ್ನೇಯಸ್ ಟ್ರೈಪ್ ಅನ್ನುವ ಸೈನ್ಯಾಧಿಕಾರಿ ಬೇಲೂರು ಹಳೇಬೀಡಿನ ದೇವಸ್ಥಾನಗಳ ಫೋಟೋ ತೆಗೆದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪೆಯದ್ದು ತೆಗೆದ. ಕಾಗದದ ನೆಗೆಟಿವ್‌ಗಳ ಕಾಲ ಅದು. ಬಿಸಿಲಲ್ಲೂ ನಿಮಿಷಗಟ್ಟಲೆ ಕ್ಯಾಮೆರಾದ ಬಾಯಿ ತೆರೆದಿಡಬೇಕಿತ್ತು. ಕಲ್ಲಿನ ರಥಕ್ಕೆ ಅದೇನೂ ಕಷ್ಟವಲ್ಲ. ಮನುಷ್ಯ ಅಷ್ಟು ಹೊತ್ತು ರೆಪ್ಪೆ ಹೊಡೆಯದೆ, ಕತ್ತು ಅಲ್ಲಾಡಿಸದೆ ಕೂರುವುದು ಹೇಗೆ? ಆ ಕಾಲದ ಸ್ಟುಡಿಯೋಗಳಲ್ಲಿ ಕುರ್ಚಿಯ ಹಿಂದೆ ಕುತ್ತಿಗೆಗೆ ಆನಿಸಲು ಒಂದು ಕಬ್ಬಿಣದ ಸ್ಟ್ಯಾಂಡ್ ಇರುತ್ತಿತ್ತು. ಹಳೆಯ ಫೋಟೋಗಳಲ್ಲಿ ಯಾರೂ ನಗದೆ ಇರುವುದಕ್ಕೆ ಇದೂ ಒಂದು ಕಾರಣ.

ಹೊತ್ತು ಕಡಿಮೆ ಮಾಡಬೇಕೆಂದರೆ ಬೆಳಕು ಹೆಚ್ಚಾಗಬೇಕು. ಹಾಗಾಗಿ ಮೊದಲ ಸ್ಟುಡಿಯೋಗಳು ಕಟ್ಟಡದ ಮೇಲಿನ ಮಹಡಿಯಲ್ಲಿ, ಗಾಜಿನ ಮಾಡಿನ ಕೆಳಗೆ ಹುಟ್ಟಿದವು. 1841ರಲ್ಲಿ ಲಂಡನ್ನಿನಲ್ಲಿ ರಿಚರ್ಡ್ ಬಿಯರ್ಡ್ ತೆರೆದ ಸ್ಟುಡಿಯೋ ಅಂಥದ್ದು. ಗಾಜಿನ ಇಳಿಜಾರು ಉತ್ತರಕ್ಕೆ ಮುಖ ಮಾಡಿರಬೇಕು ಅನ್ನುವುದು ಯುರೋಪಿನವರ ನಿಯಮವಾಯಿತು. ಅಲ್ಲಿ ಸೂರ್ಯ ಯಾವಾಗಲೂ ದಕ್ಷಿಣಕ್ಕೆ ವಾಲಿ ಹೋಗುತ್ತಾನೆ. ಉತ್ತರದಿಂದ ಬರುವುದು ಆಕಾಶದ ಮೆದು ಬೆಳಕು ಮಾತ್ರ, ನೇರ ಬಿಸಿಲಲ್ಲ. ಮೂಗಿನ ಕೆಳಗೆ ಚೂಪು ನೆರಳು ಬೀಳುವುದಿಲ್ಲ.

ಈ ನಿಯಮ ನಮ್ಮಲ್ಲಿ ಪೂರ್ತಿ ನಡೆಯುವುದಿಲ್ಲ ನೋಡಿ. ಮಂಗಳೂರು ಇರುವುದು ಸುಮಾರು 12.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಮೇ ತಿಂಗಳಲ್ಲಿ ಉತ್ತರದ ಗಾಜಿನಿಂದ ಮೆದು ಬೆಳಕಿಗೆ ಕಾದರೆ ಬಿಸಿಲೇ ಒಳಗೆ ಬರುತ್ತದೆ! ಹಾಗಂತ ಜೂನ್ ಬಂದರೆ ಮೋಡ ಇಡೀ ಆಕಾಶವನ್ನೇ ಒಂದು ಬಿಳಿ ಬಟ್ಟೆಯ ಹಾಗೆ ಹೊದಿಸುತ್ತದೆ. ಈಗ ಸ್ಟುಡಿಯೋಗಳಲ್ಲಿ ಲೈಟಿನ ಮುಂದೆ ಕಟ್ಟುವ ಸಾಫ್ಟ್‌ಬಾಕ್ಸ್ ಮಾಡುವುದು ಇದೇ ಕೆಲಸ. ಮಳೆ ಬಿದ್ದರೆ ಮಾತ್ರ ಕೆಟ್ಟಿತು, ಅಷ್ಟೆ.

ಗಾಜಿನ ಮಾಡು ಅಂದಾಗ ನನಗೆ ನೆನಪಾಗುವುದು ನಮ್ಮ ಅಡುಗೆಕೋಣೆ. 1860ರ ದಶಕದಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಅದೇ ಆಕಾರದ ಗಾಜಿನ ಹಂಚು ನಮ್ಮ ಕಡೆಯ ಮನೆಗಳ ಮಾಡಿನಲ್ಲಿ ಅಲ್ಲೊಂದು ಇಲ್ಲೊಂದು ಇರುವುದನ್ನು ನೀವೂ ನೋಡಿರಬಹುದು. ಬೆಳಗ್ಗೆ ಒಲೆಯ ಹೊಗೆಯ ನಡುವೆ ಅದರಿಂದ ಒಂದು ಬೆಳಕಿನ ಕೋಲು ಇಳಿಯುತ್ತದೆ. ಅಜ್ಜಿ ಅದರ ಕೆಳಗೆ ಕೂತು ತೆಂಗಿನಕಾಯಿ ತುರಿಯುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಆ ಬೆಳಕಿನಲ್ಲಿ ಯಾರೂ ಒಂದು ಫೋಟೋ ತೆಗೆಯಲಿಲ್ಲ.

*

ಬೆಳಕು ಎಷ್ಟಿದೆ ಅನ್ನುವುದಷ್ಟೇ ಪ್ರಶ್ನೆಯಾಗಿರಲಿಲ್ಲ. ಆ ಬೆಳಕನ್ನು ಪ್ಲೇಟು ಹೇಗೆ ನೋಡುತ್ತದೆ ಅನ್ನುವುದೂ ಇತ್ತು. 1851ರಲ್ಲಿ ಬಂದ ಒದ್ದೆ ಕೊಲೋಡಿಯನ್ ಗಾಜಿನ ಪ್ಲೇಟಿನಿಂದ ನಿಮಿಷಗಳ ಕೆಲಸ ಸೆಕೆಂಡುಗಳಿಗೆ ಇಳಿಯಿತು. ಆದರೆ ಅದಕ್ಕೆ ಕಾಣುತ್ತಿದ್ದದ್ದು ನೀಲಿ ಮತ್ತು ನೇರಳೆ ಬೆಳಕು ಮಾತ್ರ. ಕೆಂಪು ಅದರ ಪಾಲಿಗೆ ಕಪ್ಪು, ಹಳದಿ ಹೆಚ್ಚುಕಡಿಮೆ ಕಪ್ಪು. ಇದನ್ನು ನಮ್ಮವರ ಮುಖದ ಮೇಲೆ ಇಟ್ಟು ನೋಡಿ. ಹಣೆಯ ಕುಂಕುಮ ಕಪ್ಪು ಬೊಟ್ಟಾಗುತ್ತದೆ. ಮದುಮಗಳ ಮುಖಕ್ಕೆ ಹಚ್ಚಿದ ಅರಸಿನ ಮುಖವನ್ನು ಇನ್ನಷ್ಟು ಕಪ್ಪು ಮಾಡುತ್ತದೆ. ಕಂದು ಮೈಬಣ್ಣ ಇದ್ದದ್ದಕ್ಕಿಂತ ಕಪ್ಪಾಗಿ, ಪಕ್ಕದ ಬಿಳಿ ಮುಂಡಾಸು ಸುಣ್ಣ ಬಳಿದ ಗೋಡೆಯಾಗಿ ಬರುತ್ತದೆ. 1873ರಲ್ಲಿ ಜರ್ಮನಿಯ ಹರ್ಮನ್ ವೋಗೆಲ್ ಬಣ್ಣದ ರಾಸಾಯನಿಕ ಸೇರಿಸಿದರೆ ಪ್ಲೇಟಿಗೆ ಹಸಿರು, ಹಳದಿಯೂ ಕಾಣುತ್ತದೆ ಅಂತ ಕಂಡುಹಿಡಿದ. ಎಲ್ಲ ಬಣ್ಣ ಕಾಣುವ ಪ್ಲೇಟು ಅಂಗಡಿಗೆ ಬಂದದ್ದು 1906ರಲ್ಲಿ. ಹಳ್ಳಿಯ ಸ್ಟುಡಿಯೋಗಳಲ್ಲಿ ಕನ್ನಡಿಯ ಮುಂದೆ ಬಾಚಣಿಗೆ ಜತೆ ಪೌಡರ್ ಡಬ್ಬಿ ಇಡುವ ಪದ್ಧತಿಯನ್ನು ನಾವು ಶೋಕಿ ಅಂದುಕೊಂಡು ನಗುತ್ತೇವೆ. ಅದರಲ್ಲಿ ಸ್ವಲ್ಪ ಮಟ್ಟಿಗೆ ಹಳೆಯ ಫಿಲ್ಮಿನ ಕುರುಡನ್ನು ಸರಿಮಾಡುವ ಉಪಾಯವೂ ಇತ್ತು ಅಂತ ನನಗೆ ಅನಿಸುತ್ತದೆ.

ಹೆಂಗಸರಿಗೆ ಇನ್ನೊಂದು ತೊಡಕು. ಸ್ಟುಡಿಯೋಗೆ ಹೋಗಬೇಕಲ್ಲ? ಅಪರಿಚಿತ ಗಂಡಸು ಗಲ್ಲ ಹಿಡಿದು 'ಸ್ವಲ್ಪ ಬಲಕ್ಕೆ' ಅನ್ನುವುದನ್ನು ಎಷ್ಟು ಮನೆಯವರು ಒಪ್ಪುತ್ತಿದ್ದರು? ಹೈದರಾಬಾದಿನಲ್ಲಿ ನಿಜಾಮರ ಫೋಟೋಗ್ರಾಫರ್ ಆಗಿದ್ದ ಲಾಲಾ ದೀನ್ ದಯಾಳ್ 1892ರಲ್ಲಿ ಹೆಂಗಸರಿಗೆಂದೇ ಒಂದು ಜನಾನಾ ಸ್ಟುಡಿಯೋ ತೆರೆದು, ಅದನ್ನು ನಡೆಸಲು ಒಬ್ಬ ಇಂಗ್ಲಿಷ್ ಮಹಿಳೆಯನ್ನು ನೇಮಿಸಿದ್ದರು. ಅದು ಅರಮನೆ, ಶ್ರೀಮಂತರ ಮನೆಗಳಿಗಾಯಿತು. ನಮ್ಮ ಅಜ್ಜಿಯಂಥವರು ಫೋಟೋದೊಳಗೆ ಬಂದದ್ದು ಮನೆಗೇ ಫೋಟೋಗ್ರಾಫರ್ ಬಂದ ದಿನ, ಅಂದರೆ ಮದುವೆಯ ದಿನ, ಗುಂಪಿನ ಜತೆ.

*

ಸೂರ್ಯನನ್ನು ನೆಚ್ಚಿಕೊಂಡಿರುವುದು ಎಷ್ಟು ದಿನ? 1864ರ ಹೊತ್ತಿಗೆ ಮೆಗ್ನೀಸಿಯಂ ಲೋಹದ ತಂತಿ ಉರಿಸಿ ಫೋಟೋ ತೆಗೆದರು. ಬೆಳಕು ಜೋರು, ಹೊಗೆ ಅದಕ್ಕಿಂತ ಜೋರು. 1877ರಲ್ಲಿ ಲಂಡನ್ನಿನ ರೀಜೆಂಟ್ ಸ್ಟ್ರೀಟಿನಲ್ಲಿ ವಾನ್ ಡರ್ ವೇಡ್ ಅನ್ನುವವನು ವಿದ್ಯುತ್ ದೀಪದಲ್ಲೇ ಫೋಟೋ ತೆಗೆಯುವ ಸ್ಟುಡಿಯೋ ತೆರೆದ. 1887ರಲ್ಲಿ ಜರ್ಮನಿಯ ಮೀಥೆ ಮತ್ತು ಗೇಡಿಕೆ ಮೆಗ್ನೀಸಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಬೆರೆಸಿ ಫ್ಲ್ಯಾಶ್ ಪುಡಿ ಮಾಡಿದರು. ತಟ್ಟೆಯಲ್ಲಿ ಪುಡಿ ಸುರಿದು ಹೊತ್ತಿಸಿದರೆ ಕಣ್ಣು ಮಿಟುಕಿಸುವುದರೊಳಗೆ ಕೆಲಸ ಮುಗಿಯುತ್ತಿತ್ತು. ಅಳತೆ ತಪ್ಪಿದರೆ ಹುಬ್ಬೂ ಮುಗಿಯುತ್ತಿತ್ತು. 1929ರಲ್ಲಿ ಇದೇ ಬೆಂಕಿಯನ್ನು ಗಾಜಿನ ಬುರುಡೆಯೊಳಗೆ ಮುಚ್ಚಿಟ್ಟ ಫ್ಲ್ಯಾಶ್ ಬಲ್ಬ್ ಜರ್ಮನಿಯಲ್ಲಿ ಬಂತು. 1930ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಎಜರ್ಟನ್ ಮತ್ತೆ ಮತ್ತೆ ಮಿಂಚುವ ಎಲೆಕ್ಟ್ರಾನಿಕ್ ಫ್ಲ್ಯಾಶನ್ನು ಬೆಳೆಸಿದರು. ಇವತ್ತಿನ ಸ್ಟುಡಿಯೋ ಫ್ಲ್ಯಾಶುಗಳೆಲ್ಲ ಅದರ ಮೊಮ್ಮಕ್ಕಳು.

ಬೆಂಗಳೂರಿಗೆ ಶಿವನಸಮುದ್ರದ ವಿದ್ಯುತ್ತು ಬಂದು ಬೀದಿ ದೀಪ ಉರಿದದ್ದು 1905ರಲ್ಲಿ. ಈಗಲೂ ಇರುವ ಜಿ.ಕೆ. ವೇಲ್ ಸ್ಟುಡಿಯೋ ಶುರುವಾದದ್ದು 1910ರಲ್ಲಿ. ಊರೂರಿಗೆ ಕರೆಂಟು ಬಂದ ಹಾಗೆ ಸ್ಟುಡಿಯೋ ಗಾಜಿನ ಮಾಡನ್ನು ಬಿಟ್ಟು ಕಿಟಕಿಯಿಲ್ಲದ ಕೋಣೆಯಾಯಿತು. ಕಪ್ಪು ಪರದೆ, ಹಿಂದೆ ತಾಜಮಹಲೋ ಸರೋವರವೋ ಬರೆದ ಬಟ್ಟೆ, ಅಲ್ಯೂಮಿನಿಯಂ ಬೋಗುಣಿಯಂಥ ಪ್ರತಿಫಲಕದೊಳಗೆ ಐನೂರು ವಾಟಿನ ಬಲ್ಬು. ಈ ಫೋಟೋಫ್ಲಡ್ ಬಲ್ಬುಗಳು ಅಗತ್ಯಕ್ಕಿಂತ ಹೆಚ್ಚು ಬಿಸಿಯಾಗಿ ಉರಿದು ಬೆಳಕು ಕೊಡುವಂಥವು. ಅದಕ್ಕೇ ಅವುಗಳ ಆಯುಷ್ಯ ಕೆಲವೇ ಗಂಟೆ. ಟಪ್ ಅನ್ನುವುದು ಅವುಗಳ ಸ್ವಭಾವ.

*

ಈಗ ಲೆಕ್ಕಕ್ಕೆ ಬರೋಣ.

ಒಬ್ಬರ ಫೋಟೋಗೆ ಸ್ಟುಡಿಯೋದವರು ಮಾಡುವುದೇನು? ಮುಖ್ಯ ಲೈಟನ್ನು ಮುಖದ ಒಂದು ಬದಿಗೆ, ಸುಮಾರು 45 ಡಿಗ್ರಿಯಲ್ಲಿ, ಕಣ್ಣಿಗಿಂತ ಸ್ವಲ್ಪ ಮೇಲೆ, ನಾಲ್ಕು ಅಡಿ ದೂರದಲ್ಲಿ ಇಡುತ್ತಾರೆ. ಆ ಕಡೆಯ ಕೆನ್ನೆ ಬೆಳಗುತ್ತದೆ, ಈ ಕಡೆಯದ್ದು ನೆರಳಾಗುತ್ತದೆ. ನೆರಳು ತೀರಾ ಕಪ್ಪಾಗದ ಹಾಗೆ ಇನ್ನೊಂದು ಲೈಟನ್ನು ಕ್ಯಾಮೆರಾದ ಹತ್ತಿರ, ಇನ್ನೂ ಹಿಂದಕ್ಕೆ ಇಡುತ್ತಾರೆ. ಅದಿಲ್ಲದಿದ್ದರೆ ಒಂದು ಬಿಳಿ ಹಾಳೆ ಸಾಕು. ಮೂರನೆಯದ್ದೊಂದು ಹಿಂದಿನಿಂದ ಕೂದಲಿನ ಮೇಲೆ ಬಿದ್ದರೆ ತಲೆ ಪರದೆಯಿಂದ ಬೇರೆಯಾಗಿ ಕಾಣುತ್ತದೆ. ಲೈಟು ಹತ್ತಿರವಿದ್ದಷ್ಟೂ ಮುಖದ ಉಬ್ಬುತಗ್ಗು ಚೆಂದ.

ಇದೇ ಲೈಟಿನ ಮುಂದೆ ಹತ್ತು ಜನರನ್ನು ಸಾಲಾಗಿ ನಿಲ್ಲಿಸಿದರೆ? ಬೆಳಕು ದೂರದ ವರ್ಗಕ್ಕೆ ತಕ್ಕ ಹಾಗೆ ಕಡಿಮೆಯಾಗುತ್ತದೆ ಅಂತ ಪಿಯುಸಿಯಲ್ಲಿ ಕಲಿತದ್ದು ನೆನಪಿದೆಯಾ? ಎಡತುದಿಯವರು ಲೈಟಿನಿಂದ ನಾಲ್ಕು ಅಡಿಯಲ್ಲಿ, ಬಲತುದಿಯವರು ಹನ್ನೆರಡು ಅಡಿಯಲ್ಲಿ ಇದ್ದಾರೆ ಅಂದುಕೊಳ್ಳಿ. ದೂರ ಮೂರು ಪಟ್ಟು, ಬೆಳಕು ಒಂಬತ್ತರಲ್ಲಿ ಒಂದು ಪಾಲು. ಕಣ್ಣಿಗೆ ಈ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ, ಯಾಕೆಂದರೆ ಕಣ್ಣು ಹೊಂದಿಕೊಳ್ಳುತ್ತದೆ. ಫೋಟೋ ಕಾಗದ ಹೊಂದಿಕೊಳ್ಳುವುದಿಲ್ಲ.

ಪರಿಹಾರ ಸುಲಭ. ಲೈಟನ್ನು ಹಿಂದಕ್ಕೆ ಒಯ್ಯಿರಿ. ಹತ್ತಿರದವರು ಹನ್ನೆರಡು ಅಡಿ, ದೂರದವರು ಇಪ್ಪತ್ತು ಅಡಿ ಆದರೆ ವ್ಯತ್ಯಾಸ ಮೂರು ಪಟ್ಟಿಗಿಂತಲೂ ಕಡಿಮೆಗೆ ಇಳಿಯುತ್ತದೆ. ಎರಡು ಲೈಟಿದ್ದರೆ ಎರಡು ಬದಿಯಲ್ಲೂ ಎತ್ತರಕ್ಕೆ ಇಟ್ಟು, ಪ್ರತಿಯೊಂದನ್ನೂ ಎದುರು ತುದಿಯವರ ಕಡೆಗೆ ತಿರುಗಿಸಬೇಕು. ಆಗ ಹತ್ತಿರದವರಿಗೆ ಬೆಳಕಿನ ಅಂಚು, ದೂರದವರಿಗೆ ನಡುಭಾಗ ಸಿಗುತ್ತದೆ, ಎಲ್ಲರಿಗೂ ಹೆಚ್ಚುಕಡಿಮೆ ಸಮ. ಎತ್ತರ ಯಾಕೆಂದರೆ ಮುಂದಿನ ಸಾಲಿನವರ ತಲೆಯ ನೆರಳು ಹಿಂದಿನ ಸಾಲಿನವರ ಮುಖಕ್ಕೆ ಬೀಳಬಾರದು.

ಆದರೆ ಇಲ್ಲೇ ಗಂಟು ಇರುವುದು. ನಾಲ್ಕು ಅಡಿಯಿಂದ ಹನ್ನೆರಡು ಅಡಿಗೆ ಒಯ್ದ ಲೈಟು ಮೊದಲಿನಷ್ಟೇ ಬೆಳಕು ಕೊಡಬೇಕಾದರೆ ಒಂಬತ್ತು ಪಟ್ಟು ಶಕ್ತಿ ಬೇಕು. ಎರಡು ಬಲ್ಬಿನ ಹಳ್ಳಿ ಸ್ಟುಡಿಯೋ ಒಂಬತ್ತು ಪಟ್ಟು ಎಲ್ಲಿಂದ ತರಬೇಕು? ಹಿಂದಿನ ಸಾಲು ಮುಂದಿನ ಸಾಲು ಎರಡೂ ಸ್ಪಷ್ಟವಾಗಬೇಕೆಂದು ಲೆನ್ಸಿನ ಬಾಯಿ ಸಣ್ಣದು ಮಾಡಿದರೆ ಇನ್ನಷ್ಟು ಬೆಳಕು ಬೇಕು. ಅಷ್ಟು ಬೆಳಕು ಪುಕ್ಕಟೆಯಾಗಿ ಇದ್ದದ್ದು ಹೊರಗೆ ಮಾತ್ರ. ಸೂರ್ಯನಿಂದ ಎಡತುದಿಯವರಿಗೂ ಬಲತುದಿಯವರಿಗೂ ದೂರ ಒಂದೇ! ಬಾಸೆಲ್ ಮಿಶನ್ನಿನ ದಾಖಲಾಗಾರದಲ್ಲಿರುವ ಹಳೆಯ ಮಂಗಳೂರಿನ ಫೋಟೋಗಳನ್ನು ಅಂತರಜಾಲದಲ್ಲಿ ನೋಡಬಹುದು. ನಾನು ನೋಡಿದ ಗುಂಪುಚಿತ್ರಗಳಲ್ಲಿ ಹೆಚ್ಚಿನವು ಜಗಲಿಯ ಮೆಟ್ಟಿಲ ಮೇಲೆ, ಅಂಗಳದಲ್ಲಿ ತೆಗೆದವು. ನಮ್ಮ ನಿಮ್ಮ ಶಾಲೆಯ ಗ್ರೂಪ್ ಫೋಟೋ ಕೂಡ ಅಂಗಳದಲ್ಲೇ, ಬೆಳಗಿನ ಹೊತ್ತು, ಕಟ್ಟಡದ ನೆರಳಿನಲ್ಲಿ ತೆಗೆದದ್ದು ತಾನೆ?

ದೊಡ್ಡ ದೊಡ್ಡವರಿಗೂ ಇದೇ ಪಾಡು. ಮೈಸೂರಿನವರಾದ ವಿ.ಕೆ. ಮೂರ್ತಿ 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ತೋರಿಸಿದ ಬೆಳಕಿನ ಕೋಲು ಇವತ್ತಿಗೂ ಮಾತಾಗಿದೆ. ಸ್ಟುಡಿಯೋದ ದೀಪಗಳನ್ನು ಬಿಟ್ಟು, ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನೇ ಒಳಗೆ ತಿರುಗಿಸಿ ಅದನ್ನು ಸಾಧಿಸಿದ್ದರು. ದೂರದಿಂದ ಬಂದ ಬೆಳಕು ದಾರಿಯಲ್ಲಿ ಸೊರಗುವುದಿಲ್ಲ ಅನ್ನುವುದೇ ಅದರ ಗುಟ್ಟು. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು.

*

ಬಜಪೆಯ ಕತೆಯಲ್ಲಿ ಇನ್ನೊಂದು ಎಳೆ ಇದೆ. 1951ರ ಡಿಸೆಂಬರ್ 25ರಂದು ನೆಹರೂ ಡಿಸಿ-3 ವಿಮಾನದಲ್ಲಿ ಬಂದಿಳಿದು ಇಲ್ಲಿನ ವಿಮಾನ ನಿಲ್ದಾಣ ಶುರುವಾಯಿತು. ದುಬೈಗೆ ನೇರ ವಿಮಾನ ಹಾರಿದ್ದು 2006ರಲ್ಲಿ. ಆದರೆ ಗಲ್ಫಿಗೆ ಹೋಗುವವರ ಸಾಲು ಅದಕ್ಕಿಂತ ಬಹಳ ಮೊದಲೇ ಬೊಂಬಾಯಿ ದಾರಿಯಾಗಿ ಶುರುವಾಗಿತ್ತು. ಹೋಗುವವರಿಗೆಲ್ಲ ಪಾಸ್‌ಪೋರ್ಟ್ ಫೋಟೋ ಬೇಕು. ಅದಕ್ಕೆ ಬೇಕಾದದ್ದು ಚೆಂದದ ನೆರಳಲ್ಲ, ನೆರಳೇ ಇಲ್ಲದ ಚಪ್ಪಟೆ ಬೆಳಕು. ಎರಡು ಬದಿಗೂ ಒಂದೇ ದೂರದಲ್ಲಿ ಒಂದೇ ಶಕ್ತಿಯ ಎರಡು ಲೈಟು, ಹಿಂದೆ ಬಿಳಿ ಗೋಡೆ, ಅಲ್ಲಿಗೆ ಮುಗಿಯಿತು. ನಮ್ಮ ಕಡೆಯ ಗಂಡಸರಿಗೆ ಒಬ್ಬಂಟಿ ಫೋಟೋ ಮಾಡಿಕೊಟ್ಟದ್ದು ಈ ಎರಡು ಲೈಟು. 2010ರಲ್ಲಿ ಮಂಗಳೂರಿನಲ್ಲೂ ಪಾಸ್‌ಪೋರ್ಟ್ ಸೇವಾ ಕೇಂದ್ರ ಬಂದ ಮೇಲೆ ಪಾಸ್‌ಪೋರ್ಟಿನ ಫೋಟೋ ಅಲ್ಲೇ ತೆಗೆಯುತ್ತಾರೆ.

ವಿಮಾನ ಹತ್ತದ ಅಜ್ಜಿಗೆ ಆ ಲೈಟಿನ ಮುಂದೆ ಕೂರುವ ಪ್ರಸಂಗವೇ ಬರಲಿಲ್ಲ. ಶೇಷನ್ ಚುನಾವಣಾ ಆಯುಕ್ತರಾಗಿದ್ದಾಗ 1993ರಲ್ಲಿ ಫೋಟೋ ಇರುವ ಗುರುತಿನ ಚೀಟಿಯ ಆದೇಶ ಹೊರಟಿತು. ಅದಕ್ಕಾಗಿ ಶಾಲೆಯಲ್ಲಿ ಸಾಲು ನಿಂತಾಗಲೇ ಅಜ್ಜಿ ಬದುಕಿನಲ್ಲಿ ಮೊದಲ ಸಲ ಕ್ಯಾಮೆರಾದ ಮುಂದೆ ಒಬ್ಬರೇ ಕೂತದ್ದು. ಬಂದದ್ದು ಆ ಮಸಿ ಮೆತ್ತಿದ ಮುಖ. ನಾವು ಮೊಮ್ಮಕ್ಕಳು ಕೈಯಲ್ಲಿ ಫೋನ್ ಇಟ್ಟುಕೊಂಡು ವರ್ಷಗಟ್ಟಲೆ ಊಟದ ತಟ್ಟೆಯ ಫೋಟೋ ತೆಗೆದೆವು, ಊಟ ಬಡಿಸಿದವರದ್ದು ತೆಗೆಯಲಿಲ್ಲ. ಇದರಲ್ಲಿ ಬಲ್ಬಿನ ತಪ್ಪೇನೂ ಇಲ್ಲ.

*

ಮಾರನೇ ದಿನ ಸ್ಟುಡಿಯೋದಿಂದ ಫೋನ್ ಬಂತು. ಆ ಹಿರಿಯರು ಅಟ್ಟ ಹತ್ತಿಸಿ ಹಳೆಯ ಪೆಟ್ಟಿಗೆ ಇಳಿಸಿದ್ದರು. 1983ರ ನೆಗೆಟಿವ್ ಬಟರ್ ಪೇಪರಿನ ಕವರಿನಲ್ಲಿ ನಂಬರ್ ಸಮೇತ ಇತ್ತು.

"ನೋಡು, ಪ್ರಿಂಟಿನಲ್ಲಿ ಹೋಗಿದೆ. ಫಿಲ್ಮಿನಲ್ಲಿ ಉಂಟು."

ಅವರು ಹೇಳಿದ್ದು ಸರಿ. ನೆಗೆಟಿವ್ ಹಿಡಿದಿಡುವಷ್ಟು ವ್ಯತ್ಯಾಸವನ್ನು ಪ್ರಿಂಟಿನ ಕಾಗದ ತೋರಿಸಲಾರದು. ಬೀಗರ ಮುಖಕ್ಕೆ ಸರಿಯಾಗುವಂತೆ ಪ್ರಿಂಟ್ ಹಾಕಿದಾಗ ಬಲತುದಿ ಕಪ್ಪಾಗಿತ್ತು, ಅಷ್ಟೆ. ಮಗ ಸ್ಕ್ಯಾನ್ ಮಾಡಿ, ಆ ಮೂಲೆಯನ್ನಷ್ಟೇ ಕಂಪ್ಯೂಟರಿನಲ್ಲಿ ನಿಧಾನಕ್ಕೆ ಏರಿಸಿದರು. ಮೊದಲು ಮೂಗುಬೊಟ್ಟಿನ ಸುತ್ತ ಮೂಗು ಬಂತು. ಆಮೇಲೆ ಕೆನ್ನೆ. ತರಿತರಿಯಾಗಿ, ಮಳೆಯಲ್ಲಿ ನಿಂತ ಹಾಗೆ. ನಲವತ್ತೈದೂ ಆಗದ ಅಜ್ಜಿ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಅವರೊಬ್ಬರು ಸ್ವಲ್ಪ ಪಕ್ಕಕ್ಕೆ, ಅಡುಗೆಕೋಣೆಯ ಬಾಗಿಲ ಕಡೆ ನೋಡುತ್ತಿದ್ದಾರೆ. ಅನ್ನ ಒಲೆಯ ಮೇಲಿತ್ತೋ ಏನೋ.

ಕಂಪ್ಯೂಟರಿನ ಮುಂದೆ ಮೂವರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಹಿರಿಯರು ದುಡ್ಡು ತೆಗೆದುಕೊಳ್ಳಲಿಲ್ಲ. "ಅವತ್ತಿನದ್ದು ಬಾಕಿ ಇತ್ತು" ಅಂದರು.

ಬೊಜ್ಜದ ದಿನ ಇಟ್ಟದ್ದು ಅದೇ ಫೋಟೋ. ಬಂದವರಲ್ಲಿ ಕೆಲವರು ಇದು ಯಾರು ಅಂತ ಕೇಳಿದರು, ದೊಡ್ಡತ್ತೆ ಮಾತ್ರ ನೋಡಿದ ಕೂಡಲೇ ಅತ್ತರು.

ನಿಮ್ಮ ಮನೆಯ ಗೋಡೆಯಲ್ಲೂ ಒಂದು ಗ್ರೂಪ್ ಫೋಟೋ ಇರಬಹುದು. ಸಾಲಿನ ತುದಿಯಲ್ಲಿ ಯಾರು ನಿಂತಿದ್ದಾರೆ ಅಂತ ಒಮ್ಮೆ ನೋಡಿ. ನೆಗೆಟಿವ್ ಸಿಗುವುದಾದರೆ ಈಗಲೇ ಹುಡುಕಿ, ನಮ್ಮ ಮಳೆಗಾಲ ಅದನ್ನು ಬಹಳ ಕಾಲ ಉಳಿಸುವುದಿಲ್ಲ. ಮುಂದಿನ ಮದುವೆಯಲ್ಲಿ ಗ್ರೂಪ್ ಫೋಟೋ ತೆಗೆಯುವಾಗ ಲೈಟನ್ನು ಎರಡು ಹೆಜ್ಜೆ ಹಿಂದಕ್ಕೆ ಇಡಲು ಹೇಳಿ. ಅದಕ್ಕೂ ಮೊದಲು ಅಡುಗೆಕೋಣೆಯಲ್ಲಿ ಇರುವವರನ್ನು ಕರೆಯಿರಿ.